ಶನಿವಾರದ ಅಂಬೊಡೆ

ಕೌಸಲ್ಯಮ್ಮ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಮೊದಲ ಆರು ವರ್ಷ ಕುಣಿಗಲ್‌ನಲ್ಲಿ. ತುಮಕೂರಿನ ಬಟವಾಡಿಯ ಮನೆಯಲ್ಲಿ ಬೆಳಗಿನ ಅಡಿಗೆ ಮುಗಿಸಿ ಬಸ್ಸು ಹತ್ತಿದರೆ, ಸಂಜೆ ಕೊನೆಯ ಗಂಟೆ ಹೊಡೆದ ಕೂಡಲೇ ಓಡಿಹೋಗಿ ವಾಪಸ್ ಬಸ್ಸು ಹಿಡಿಯಬೇಕು. ರಾತ್ರಿಯ ಅಡಿಗೆ ಅವರ ದಾರಿ ಕಾಯುತ್ತಿರುತ್ತಿತ್ತು. ಜೊತೆಯ ಟೀಚರುಗಳು ಸಂಜೆ ಕೆರೆ ಏರಿಯ ಮೇಲೆ ಕೂತು ಬಂದದ್ದನ್ನು ಮಾರನೆಯ ದಿನ ವರ್ಣಿಸುತ್ತಿದ್ದರು. ಸೂರ್ಯ ಇಳಿಯುವಾಗ ನೀರು ಮೊದಲು ತಾಮ್ರದ ಬಣ್ಣಕ್ಕೆ ತಿರುಗುತ್ತದಂತೆ, ಆಮೇಲೆ ಬೂದಿಯ ಬಣ್ಣಕ್ಕೆ. ಆರು ವರ್ಷದಲ್ಲಿ ಒಂದು ಸಂಜೆಯೂ ಕೌಸಲ್ಯಮ್ಮ ಅದನ್ನು ನೋಡಲಿಲ್ಲ. ಯಾರಿಗಾದರೂ ಹೇಳಿದರೆ ನಗುವಂಥ ದುಃಖ ಅದು. ಹಾಗಾಗಿ ಹೇಳಿರಲಿಲ್ಲ.

ಅವರು ನಿವೃತ್ತರಾದ ವರ್ಷ, ಗಂಡ ಯೋಗನರಸಿಂಹರ ಅಕ್ಕನ ಮಗ ವಿಷ್ಣು ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡ. ಸೀಟು ಕೀಳಿಸಿ, ಮಂಚ, ಸಿಂಕು, ಸಣ್ಣ ಫ್ರಿಜ್ಜು ಕೂರಿಸಿ ಕ್ಯಾರವಾನ್ ಮಾಡಿದ. ಬಾಡಿಗೆಗೆ ಬಿಡುವ ಮೊದಲು ಮನೆಯವರನ್ನೇ ಒಂದು ಸುತ್ತು ಕರೆದೊಯ್ಯುವುದೆಂದಾಯಿತು.

“ಎಲ್ಲಿಗೆ ಹೋಗೋಣ ಹೇಳಿ ಅತ್ತೆ.”

“ಕುಣಿಗಲ್ ಕೆರೆ ಹತ್ರ,” ಎಂದರು ಕೌಸಲ್ಯಮ್ಮ, ಒಂದು ಕ್ಷಣವೂ ಯೋಚಿಸದೆ.

“ಅಷ್ಟು ಹತ್ರಾನಾ? ನನ್ ಗಾಡಿಗೆ ಅವಮಾನ ಅತ್ತೆ.”

ಮಗಳು ಅಪರ್ಣ ಏರ್ ಫ್ರೈಯರ್ ತಂದುಕೊಟ್ಟದ್ದು ಆ ವಾರವೇ. “ಅಲ್ಲಿಗೆ ಹೋಗೂ ಒಲೆ ಮುಂದೆ ಕೂರೋದಾದ್ರೆ ನೀನು ಹೋಗ್ಲೇಬೇಡಮ್ಮ,” ಎಂದಳು. ಯೋಗನರಸಿಂಹ ಪೆಟ್ಟಿಗೆಯನ್ನು ಸುತ್ತಲಿಂದ ನೋಡಿ, “ಮನೇಲಿ ಸರಿ. ಕ್ಯಾರವಾನಲ್ಲಿ ಇದೆಲ್ಲಾ ನಡಿಯತ್ತೇನೇ?” ಎಂದರು.

ನಡೆಯುತ್ತದೋ ಇಲ್ಲವೋ ಎಂಬುದು ಕೌಸಲ್ಯಮ್ಮನಿಗೆ ಅಭಿಪ್ರಾಯದ ಮಾತಾಗಿರಲಿಲ್ಲ, ಪರೀಕ್ಷೆ ಮಾಡಿ ನೋಡುವ ಮಾತಾಗಿತ್ತು. ಕನ್ನಡಕ ಹಾಕಿಕೊಂಡು ಮೆಷೀನಿನ ಬೆನ್ನಿನ ಚೀಟಿ ಓದಿದರು: ಸಾವಿರದ ನಾನೂರು ವ್ಯಾಟ್. ವಿಷ್ಣುವಿಗೆ ಫೋನು ಮಾಡಿದರು. ಅವನ ಗಾಡಿಯ ಇನ್ವರ್ಟರ್ ಸಾವಿರ ವ್ಯಾಟಿನದು.

“ಎಲ್ಲಾ ಎಳಿಯತ್ತೆ ಅತ್ತೆ, ತನ್ನಿ.”

“ಎಳಿಯಲ್ಲ ಕಣೋ. ಆನ್ ಮಾಡಿದ ತಕ್ಷಣ ಟ್ರಿಪ್ ಆಗತ್ತೆ. ನಾವು ಟ್ರಿಪ್ಪಿಗೆ ಹೋಗಿ ಅಲ್ಲಿ ಅದೂ ಟ್ರಿಪ್ ಆದ್ರೆ ಏನು ಚೆಂದ?”

ಆದ್ದರಿಂದ ಕೆರೆಯ ಪಕ್ಕದಲ್ಲೇ ತೆಂಗಿನ ತೋಟವಿದ್ದ ಗಂಗಾಧರನನ್ನು ಹುಡುಕಿ ಹಿಡಿದರು. ಅವರ ಕೈಯಲ್ಲಿ ಎಂಟನೇ ಕ್ಲಾಸು ಓದಿದವನು. ಗಾಡಿ ನಿಲ್ಲಿಸಲು ಜಾಗ, ಪಂಪ್‌ಹೌಸಿನಿಂದ ಕರೆಂಟು, ಎರಡಕ್ಕೂ ಒಪ್ಪಿದ.

“ಸಂಜೆ ತ್ರೀ ಫೇಸ್ ಹೋದ್ಮೇಲೂ ಕರೆಂಟ್ ಇರತ್ತೇನಪ್ಪ?”

“ಸಿಂಗಲ್ ಫೇಸ್ ಇರ್ತದೆ ಬುಡಿ ಮೇಡಂ. ನಿಮ್ ಡಬ್ಬ ಏನ್ ತೋಟಕ್ಕೆ ನೀರ್ ಕಟ್ಬೇಕಾ?”

ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡು ಹೊಸದಾಗಿ ಕೊಂಡರು. ಆಮೇಲೆ ತಿಂಡಿಯ ಯೋಚನೆ. ಹೊರಡುವುದು ಶನಿವಾರ. ವಿಷ್ಣುವಿನ ತಾಯಿಯೂ ಬರುತ್ತಾರೆ. ಗುಬ್ಬಿಯಲ್ಲಿ ಇರುವುದರಿಂದ ಎಲ್ಲರ ಬಾಯಲ್ಲೂ ಅವರು ಗುಬ್ಬಿ ಅಕ್ಕ. ಶನಿವಾರ ರಾತ್ರಿ ಅವರದು ಫಲಾಹಾರ. ಅನ್ನ, ಸಾರು, ನೀರಲ್ಲಿ ಬೇಯಿಸಿದ ಯಾವುದೂ ಆಗದು. ಅದು ಮುಸುರೆ. ಎಣ್ಣೆಯಲ್ಲಿ ಕರಿದದ್ದು ಮುಸುರೆಯಲ್ಲ, ಅದಾಗುತ್ತದೆ. ಕೌಸಲ್ಯಮ್ಮ ಬೋಂಡಾ ಮಾಡಿ ನೋಡಿದರು. ಹಿಟ್ಟು ಜಾಲರಿಯ ಸಂದಿನಿಂದ ಇಳಿದು ಮೆಷೀನಿನ ತಳಕ್ಕೆ ಅಂಟಿತು. ಅಂಬೊಡೆಗೆ ಕೈ ಹಾಕಿದರು. ಮೊದಲ ಸಲ ಕಲ್ಲಾಯಿತು. ಎರಡನೆಯ ಸಲ ಕಡಲೆಬೇಳೆ ಇನ್ನಷ್ಟು ನೆನೆಸಿ, ತೆಳ್ಳಗೆ ತಟ್ಟಿ, ಎರಡೂ ಕಡೆ ಎಣ್ಣೆ ಸವರಿದರು. ಮೂರನೆಯ ಸಲಕ್ಕೆ ಯೋಗನರಸಿಂಹ ಪೇಪರಿನಿಂದ ತಲೆ ಎತ್ತದೆ ಐದು ತಿಂದು, “ಇವತ್ತು ಎಣ್ಣೆ ಚೆನ್ನಾಗಿ ಕಾದಿತ್ತು ಅನ್ಸತ್ತೆ,” ಎಂದರು. ಕೌಸಲ್ಯಮ್ಮ ಅಡಿಗೆಮನೆಗೆ ಹೋಗಿ ಒಬ್ಬರೇ ನಕ್ಕರು.

ಒಂದು ಸಲಕ್ಕೆ ಎಂಟು ಅಂಬೊಡೆ, ಹದಿನಾಲ್ಕು ನಿಮಿಷ. ಆ ಹದಿನಾಲ್ಕು ನಿಮಿಷವೂ ಯಾರೂ ಮುಂದೆ ನಿಂತಿರಬೇಕಾಗಿಲ್ಲ. ಅವರಿಗೆ ಬೇಕಾಗಿದ್ದುದೇ ಅದು. ಗುಂಡಿ ಒತ್ತಿ, ಏರಿಯ ಮೇಲೆ ಹೋಗಿ ಕೂರಬಹುದು.

ಶನಿವಾರ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಬೇಳೆ ಹಿಟ್ಟು ಫ್ರಿಜ್ಜಿನಲ್ಲಿ ತಣ್ಣಗಿತ್ತು. ಪಂಪ್‌ಹೌಸಿನ ಕರೆಂಟು ತಪ್ಪದೆ ಬಂತು. ಐದೂವರೆಗೆ ಮೊದಲ ಎಂಟು ಅಂಬೊಡೆ ಕೆಂಪಗೆ ಆಚೆ ಬಂದವು. ತೆಂಗಿನ ಗರಿಗಳ ಸಂದಿನಲ್ಲಿ ಕೆರೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಸಮಯ ಬೇಕಾದಷ್ಟಿತ್ತು.

ಗುಬ್ಬಿ ಅಕ್ಕ ತಟ್ಟೆ ಕೈಗೆ ತೆಗೆದುಕೊಂಡು ಸುತ್ತ ನೋಡಿದರು. “ಎಲ್ಲಿ ಕರ್ದೆ ಕೌಸಲ್ಯ? ವಾಸ್ನೇನೇ ಬರ್ಲಿಲ್ಲ.”

ಅಲ್ಲೇ ಕೌಸಲ್ಯಮ್ಮ ತಪ್ಪಿದ್ದು. ಆಚೆ ಕರಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಸಂಗತಿ ಹೇಗೆ ನಡೆಯುತ್ತದೆಂದು ಯಾರಾದರೂ ಕೇಳಿದರೆ ವಿವರಿಸಿ ಹೇಳುವುದು ಮೂವತ್ತೊಂದು ವರ್ಷದ ಅಭ್ಯಾಸ.

“ಕರಿಯೋದೇ ಬೇಡ ಅಕ್ಕ. ಒಳಗೆ ಬಿಸಿ ಗಾಳಿ ತಿರುಗತ್ತೆ, ಅದರಲ್ಲೇ ಆಗತ್ತೆ. ಎಂಟಕ್ಕೂ ಸೇರಿ ಒಂದೇ ಚಮಚ ಎಣ್ಣೆ.”

ಗುಬ್ಬಿ ಅಕ್ಕ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

“ಹಾಗಾದ್ರೆ ಇದು ಬೇಯಿಸಿದ್ದು. ಮುಸುರೆ ಆಯ್ತಲ್ಲ.”

“ಇದಕ್ಕೆ ನೀರೇ ಹಾಕಲ್ಲ ಅಕ್ಕ.”

“ಬೇಳೆ ನೆನೆಸಿದ್ದು ನೀರಲ್ಲಿ ತಾನೇ? ಅದು ಎಣ್ಣೆಗೆ ಬಿದ್ರೆ ಸರಿಹೋಗತ್ತೆ. ಗಾಳಿಗೆ ಬಿದ್ರೆ?” ಎಂದರು. ದನಿಯಲ್ಲಿ ಕೋಪವಿರಲಿಲ್ಲ. “ನೀನೇನು ಬೇಜಾರ್ ಮಾಡ್ಕೋಬೇಡ. ನಾನು ಎರಡು ಬಾಳೆಹಣ್ಣು ತಿಂದು ಮಲಗ್ತೀನಿ. ನೀವೆಲ್ಲ ತಿನ್ನಿ.”

ಯಾರೂ ತಿನ್ನಲಿಲ್ಲ. ವಿಷ್ಣು ಬಾಯಿಗಿಡಲು ಹೋದದ್ದನ್ನು ತಟ್ಟೆಗೆ ವಾಪಸ್ ಹಾಕಿದ. ಯೋಗನರಸಿಂಹ ಹೆಂಡತಿಯ ಮುಖ ನೋಡಿದರು. ಆ ನೋಟದ ಅರ್ಥ ಕೌಸಲ್ಯಮ್ಮನಿಗೆ ಮದುವೆಯಾದ ಮೊದಲ ತಿಂಗಳಿಂದಲೂ ಗೊತ್ತು.

“ಒಂದು ಎಂಟು ಹತ್ತು ಕರ್ದುಬಿಡು. ಎಷ್ಟು ಹೊತ್ತಾಗತ್ತೆ?”

“ಯಾತರಲ್ಲಿ ಕರೀಲಿ?”

ಯೋಗನರಸಿಂಹ ಗಾಡಿಯೊಳಗೆ ಹೋಗಿ ಮಂಚದ ಕೆಳಗಿಂದ ಒಂದು ಗಂಟು ಎಳೆದು ತಂದರು. ಅವರದೇ ಟವಲು. ಬಿಚ್ಚಿದರೆ ಮನೆಯ ಕಬ್ಬಿಣದ ಬಾಣಲೆ, ಜಾಲರಿ ಸೌಟು, ಎರಡು ಲೀಟರ್ ಎಣ್ಣೆ. ಹಿಂದಿನಿಂದ ಸಣ್ಣ ಗ್ಯಾಸಿನ ಒಲೆಯೂ ಬಂತು.

“ಇದನ್ನ ಯಾವಾಗ ಇಟ್ರಿ?”

“ಬೆಳಿಗ್ಗೆ. ನೀನು ಸ್ನಾನಕ್ಕೆ ಹೋಗಿದ್ದಾಗ.” ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಯಾವುದಕ್ಕೂ ಇರ್ಲಿ ಅಂತ.”

ಮೂರು ವಾರ ಕೌಸಲ್ಯಮ್ಮ ವ್ಯಾಟ್ ನೋಡಿದ್ದರು, ಫೇಸ್ ವಿಚಾರಿಸಿದ್ದರು, ವೈರಿನ ದಪ್ಪ ನೋಡಿದ್ದರು. ಅಷ್ಟೂ ದಿನ ಒಂದೇ ಮನೆಯಲ್ಲಿದ್ದು ಗಂಡ ಏನೂ ಹೇಳಿರಲಿಲ್ಲ. ಹೀಗಾಗುತ್ತದೆಂದು ಗಂಡನಿಗೆ ಗೊತ್ತಿತ್ತು.

ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಕಡೆ ಒಲೆ ಹಚ್ಚಿದರೆ ನಿಲ್ಲದು. ಗಾಡಿಯ ಮರೆಗೆ, ಈಚೆ ಬದಿಗೆ ಇಟ್ಟುಕೊಳ್ಳಬೇಕಾಯಿತು. ಎಣ್ಣೆ ಕಾಯುತ್ತಿದ್ದಾಗ ಉಳಿದ ಮೂವರೂ ಬಾಳೆಹಣ್ಣು ಹಿಡಿದು ಏರಿಯ ಕಡೆ ನಡೆದರು. ಕೌಸಲ್ಯಮ್ಮನ ಕಣ್ಣೆದುರಿಗೆ ಇದ್ದದ್ದು ಗಾಡಿಯ ತಗಡು. ಅದರ ಬಿಳಿ ಬಣ್ಣ ನಿಧಾನವಾಗಿ ಕೆಂಪಾಯಿತು. ಅಂದರೆ ಆ ಕಡೆ ಶುರುವಾಗಿದೆ ಎಂದು ಅವರಿಗೆ ತಿಳಿಯಿತು. ಬಾಣಲೆಯಲ್ಲಿ ಐದು ಅಂಬೊಡೆಗಳಿದ್ದವು. ಬಿಟ್ಟು ಏಳುವಂತಿರಲಿಲ್ಲ.

ವಿಷ್ಣು ತಟ್ಟೆ ಹಿಡಿದು ಓಡಿಬಂದ. “ಇನ್ನೊಂದು ನಾಲ್ಕು ಹಾಕಿ ಅತ್ತೆ. ಕರ್ದಿದ್ದರ ರುಚಿನೇ ಬೇರೆ ಬಿಡಿ. ಅಲ್ಲಿ ನೀರು ಹೆಂಗಾಗಿದೆ ಗೊತ್ತಾ? ಫೋಟೋ ತೆಗ್ದಿದೀನಿ, ನಿಮ್ಮ ವಾಟ್ಸಾಪಿಗೆ ಹಾಕ್ತೀನಿ.”

ತಗಡಿನ ಕೆಂಪು ಇಳಿದು ಬೂದಿಯಾಯಿತು. ಎಲ್ಲರೂ ವಾಪಸ್ ಬಂದರು. ಕೌಸಲ್ಯಮ್ಮ ಮೆಷೀನಿನಲ್ಲಿ ಮಾಡಿದ ಎಂಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದಾಗಿ ತಿನ್ನತೊಡಗಿದರು. ಆರಿದ್ದರೂ ಗರಿಗರಿಯಾಗಿದ್ದವು.

ಅಷ್ಟರಲ್ಲಿ ಅಪರ್ಣಳ ಫೋನು ಬಂತು. ಎತ್ತಿದ್ದು ಯೋಗನರಸಿಂಹ. “ಎಲ್ಲಾ ಚೆನ್ನಾಗಾಯ್ತು. ಅಂಬೊಡೆ ಅಂತೂ ಏನ್ ಕೇಳ್ತೀಯ. ಇಲ್ಲ, ಅದರಲ್ಲಲ್ಲ. ನಿಮ್ಮಮ್ಮಂಗೆ ಆ ಮೆಷೀನು ಒಗ್ಗಲಿಲ್ಲ ಕಣೇ. ಬಾಣಲೆ ಇಟ್ಕೊಂಡು ಕೂತ್ಲು. ಕೊಡ್ತೀನಿ ಇರು.”

“ನಿಜಾನಾಮ್ಮ?” ಎಂದಳು ಅಪರ್ಣ. “ನೀನು ಅಷ್ಟೊಂದು ಟ್ರೈ ಮಾಡಿದ್ಯಲ್ಲ. ನಮ್ಮ ಆಫೀಸಿನ ಮಾಲಿನಿನೂ ಕೇಳ್ತಿದ್ಲು, ಕ್ಯಾರವಾನ್‌ಗೆ ಏರ್ ಫ್ರೈಯರ್ ತಗೊಂಡ್ರೆ ಉಪಯೋಗಕ್ಕೆ ಬರತ್ತಾ ಅಂತ. ಏನ್ ಹೇಳ್ಲಿ?”

ಗುಬ್ಬಿ ಅಕ್ಕ ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ತೃಪ್ತಿಯಿಂದ ಕೂತಿದ್ದರು. ಯೋಗನರಸಿಂಹ ಕೈ ಒರೆಸಿಕೊಳ್ಳುತ್ತಾ ಹೆಂಡತಿಯ ಉತ್ತರಕ್ಕೆ ಕಾದರು. ಕೌಸಲ್ಯಮ್ಮ ಬಾಯಲ್ಲಿದ್ದುದನ್ನು ನುಂಗಿದರು.

“ಬೇಡ ಅನ್ನು,” ಎಂದರು. “ಒಗ್ಗಲ್ಲ.”

ಫೋನು ಇಟ್ಟ ಮೇಲೆ ಮೂವರೂ ಮಲಗಲು ಜಾಗ ಮಾಡಿಕೊಳ್ಳಲು ಗಾಡಿಯೊಳಗೆ ಹೋದರು. ಕೆರೆಯಿದ್ದ ಕಡೆ ಈಗ ಬರೀ ಕತ್ತಲೆ, ಕಪ್ಪೆಗಳ ಸದ್ದು. ಬಾಣಲೆಯ ಎಣ್ಣೆಯನ್ನು ಸೋಸಿ ಡಬ್ಬಕ್ಕೆ ತುಂಬಬೇಕಾಗಿತ್ತು. ಅದಿನ್ನೂ ಸುಡುತ್ತಿತ್ತು. ಆರುವವರೆಗೆ ಕೌಸಲ್ಯಮ್ಮ ಅದರ ಪಕ್ಕದಲ್ಲೇ ಕೂತರು.