ಕಂತೆಯಲ್ಲಿಲ್ಲದ ಹಾವು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವಳು ನಾನಾಗಿರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಕಲಿಸಿದ ಸಿಸ್ಟರ್, ದೆವ್ವ ಕಂಡೆ ಎಂದು ಅತ್ತ ಹಾಸ್ಟೆಲ್ ಹುಡುಗಿಗೆ ಒಂದು ಚಮಚ ಹರಳೆಣ್ಣೆ ಕುಡಿಸಿ ಮಲಗಿಸಿದವರು. "ಇಟ್ ಈಸ್ ಓನ್ಲಿ ಯುವರ್ ಸ್ಟಮಕ್, ಚೈಲ್ಡ್" ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಮದುವೆಯಾಗಿ ಸಿದ್ಧಕಟ್ಟೆಯ ಹತ್ತಿರದ ಮನೆಗೆ ಬಂದ ಮೇಲೂ, ಗುಡ್ಡದಲ್ಲಿ ಬೆಂಕಿ ನಡೆದುಹೋಯಿತು, ಬಾವಿಕಟ್ಟೆಯಲ್ಲಿ ಯಾರೋ ಕೂತಿದ್ದರು ಎಂದು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ಹರಳೆಣ್ಣೆ ಅಳೆಯುತ್ತಿದ್ದೆ. ಈಗ ನನಗೇ ಯಾರಾದರೂ ಅಳೆದರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅದು ಐವತ್ತರ ದಶಕದ ಕೊನೆ. ನಮ್ಮದು ಜೈನರ ಮನೆ. ಹೆಬ್ಬಾಗಿಲ ಮೇಲೆ ಒಂದು ಪುಟ್ಟ ಕೋಣೆಯಿತ್ತು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಇಂಗ್ಲಿಷ್ ಡಾಕ್ಟರೊಬ್ಬರು, ಯಾವುದೋ ಪಲ್ಟನಿನ ಸರ್ಜನ್, ಅಲ್ಲಿ ಬಿಡಾರ ಮಾಡಿದ್ದರಂತೆ. ಅವರು ರೋಗಿಗಳನ್ನು ನೋಡಿದ್ದಕ್ಕಿಂತ ಹಕ್ಕಿ, ಪ್ರಾಣಿಗಳನ್ನು ನೋಡಿದ್ದೇ ಹೆಚ್ಚು. ಆ ಕಾಲದಲ್ಲಿ ಅಂಥವರು ತುಂಬ ಮಂದಿ. ಸಂಬಳದ ಕೆಲಸ ಒಂದು, ಹುಚ್ಚು ಇನ್ನೊಂದು. ಈ ಸೀಮೆಯ ಜೀವಿಯೊಂದು ಹೇಗಿದೆ ಎಂದು ದೂರದವರಿಗೆ ತಿಳಿಯಬೇಕಾದರೆ ವಾಟರ್‌ಕಲರಿನಲ್ಲಿ ಬರೆದೇ ತೋರಿಸಬೇಕು. ಬೆಳ್ತಂಗಡಿಯ ಆಚೆ ಘಟ್ಟದ ಬುಡಕ್ಕೆ ಹೋಗಿ ಹೊಡೆದು ತರುವುದು, ಮೈಬಣ್ಣ ಮಾಸುವ ಮೊದಲೇ ಕೂತು ಬರೆಯುವುದು. ಮನೆಯ ಗಡಿಯೊಳಗೆ ಕೋವಿಯ ಸದ್ದು ಕೂಡದು, ಸತ್ತ ಪ್ರಾಣಿ ಹೆಬ್ಬಾಗಿಲು ದಾಟಿ ಒಳಗೆ ಬರಕೂಡದು ಎಂದು ನಮ್ಮ ಹಿರಿಯರು ಕಟ್ಟುಮಾಡಿದ್ದರಂತೆ. ಹಾಗಾಗಿ ಆ ಕೋಣೆ. ಒಳಗೂ ಅಲ್ಲ, ಹೊರಗೂ ಅಲ್ಲ. ಹೊರಡುವಾಗ ಒಂದು ತಗಡಿನ ಪೆಟ್ಟಿಗೆ ಬಿಟ್ಟು, ಮತ್ತೆ ತರಿಸಿಕೊಳ್ಳುತ್ತೇನೆ ಎಂದವರು ತರಿಸಲೇ ಇಲ್ಲ.

ಪೆಟ್ಟಿಗೆಯಲ್ಲಿದ್ದದ್ದು ದಪ್ಪ ಕಾಗದದ ಬಿಡಿ ಹಾಳೆಗಳ ಒಂದು ಕಂತೆ. ಕೆಂದಳಿಲು, ಮಂಗಟ್ಟೆ ಹಕ್ಕಿ, ಹಾರುವ ಓತಿ, ಮರದ ಪೊಟರೆಯಿಂದ ಇಣುಕುವ ಗೂಬೆಮರಿ. ಒಂದೊಂದು ಗರಿಗೂ ಕೂದಲೆಳೆಯಂಥ ಕುಂಚ ಓಡಿತ್ತು. ಕಣ್ಣಿನ ಬಣ್ಣದ ಮೇಲೆ ಮಾತ್ರ ಒಂದು ಹನಿ ಗೋಂದು ಹಚ್ಚುತ್ತಿದ್ದರು. ಹಾಳೆ ವಾಲಿಸಿದರೆ ಕಣ್ಣು ಮಿಂಚುತ್ತಿತ್ತು. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಕಲಿತು, ಹಳ್ಳಿಗೆ ಬಂದು, ಅದನ್ನು ಯಾರಿಗೂ ಹೇಳಿಕೊಳ್ಳಲಾಗದೆ ಕೂತಿದ್ದ ನನಗೆ ಆ ಕಂತೆ ಸಿಕ್ಕಿದ್ದು, ಹೇಗೆ ಹೇಳಲಿ, ಜೊತೆ ಸಿಕ್ಕಿದ ಹಾಗಾಯಿತು. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಊಟ ಮುಗಿಸಿ, ಉಳಿದ ಬೆಳಕಿನಲ್ಲಿ ನಾನು ಮೇಲೆ ಹೋಗಿ ಆ ಚಿತ್ರಗಳನ್ನು ಪೆನ್ಸಿಲಿನಲ್ಲಿ ಕಾಪಿ ಮಾಡುತ್ತಿದ್ದೆ. ನನ್ನ ಬಣ್ಣ ಯಾವತ್ತೋ ಮುಗಿದಿತ್ತು. ಮಂಗಳೂರಿಗೆ ಹೋದಾಗಲೆಲ್ಲ ಇವರು ತರುತ್ತೇನೆ ಎನ್ನುವುದು, ಮರೆತು ಬರುವುದು.

ಅತ್ತೆಗೆ ಆ ಪೆಟ್ಟಿಗೆ ಕಂಡರಾಗದು. ಆ ಮೆಟ್ಟಿಲನ್ನೇ ಅವರು ಹತ್ತಿದವರಲ್ಲ.

"ಎಷ್ಟು ಚಂದ ಬರೆದರೆ ಎಂತ, ಕೊಂದೇ ಅಲ್ವಾ ಬರೆದದ್ದು?"

"ಜೀವ ಇದ್ರೆ ಅದು ಸುಮ್ಮನೆ ಕೂತು ಬರೆಸಿಕೊಳ್ತದಾ ಅತ್ತೆ?"

"ನಿನ್ನ ಗಂಡ ಕೂತುಕೊಳ್ತಾನೆ, ಅವನನ್ನು ಬರಿ. ಊಟ ಆದ ಮೇಲೆ ಅಲುಗುವುದೇ ಇಲ್ಲ."

ಮನೆಯಲ್ಲಿ ನಮ್ಮೊಂದಿಗೆ ಇದ್ದವರು ಇನ್ನಿಬ್ಬರು. ಒಬ್ಬರು ಅತ್ತೆಯ ಅಣ್ಣ, ಮನೆಯ ಯಜಮಾನರು ಅವರೇ. ನಾವೆಲ್ಲ ದೊಡ್ಡ ಮಾವ ಎನ್ನುತ್ತಿದ್ದೆವು. ಮತ್ತೆ ಪದ್ದು, ತೀರಿಹೋಗಿದ್ದ ನನ್ನ ನಾದಿನಿಯ ಮಗಳು, ಐದು ತುಂಬಿರಲಿಲ್ಲ. ನಮ್ಮ ಕಡೆ ಅಳಿಯಸಂತಾನ, ಮನೆ ಮುಂದುವರಿಯುವುದು ಹೆಣ್ಣಿನಿಂದ. ಆ ದೊಡ್ಡ ಮನೆಗೆ ಉಳಿದಿದ್ದ ಹೆಣ್ಣುಕುಡಿ ಪದ್ದು ಒಬ್ಬಳೇ. ಅತ್ತೆ ಅವಳನ್ನು ಕಣ್ಣಿನ ಮೇಲೆ ರೆಪ್ಪೆ ಇಟ್ಟ ಹಾಗೆ ಸಾಕುತ್ತಿದ್ದರು.

ಬೇಸಿಗೆಯ ಒಂದು ಸಂಜೆ ನಾನು ಮೇಲೆ ಹೋದಾಗ ಕಂತೆಯ ಎಲ್ಲಕ್ಕಿಂತ ಮೇಲೆ ನಾನು ಎಂದೂ ಕಾಣದ ಒಂದು ಹಾಳೆಯಿತ್ತು. ಸುರುಳಿ ಸುತ್ತಿದ ಹಾವು. ನೀಲಿ ಹೊಳಪಿನ ಕಪ್ಪು ಮೈ, ಅದರ ಮೇಲೆ ತೆಳು ಬಿಳಿ ಪಟ್ಟಿಗಳು. ಪಟ್ಟಿಗಳು ಕುತ್ತಿಗೆಯಿಂದಲೇ ಸುರುವಾಗಿರಲಿಲ್ಲ. ಗೇಣುದ್ದ ಬಿಟ್ಟು ಆಮೇಲೆ. ಕೆಳಗಿನ ಮೂಲೆಯಲ್ಲಿ ಬೆನ್ನಿನ ಚರ್ಮವನ್ನು ಮಾತ್ರ ದೊಡ್ಡದು ಮಾಡಿ ಪೆನ್ಸಿಲಿನಲ್ಲಿ ಬರೆದಿತ್ತು. ಬೆನ್ನಿನ ನಡುಗೆರೆಯ ಉದ್ದಕ್ಕೂ ಒಂದು ಸಾಲು ಹುರುಪೆಗಳು ಉಳಿದವಕ್ಕಿಂತ ದೊಡ್ಡವು, ಆರು ಮೂಲೆಯವು, ಜೇನುಹುಟ್ಟಿನ ಕೋಣೆಗಳ ಹಾಗೆ. ಅದರ ಅಡಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಶಬ್ದ: ಕ್ರೈಟ್. ಕಟ್ಟುಹಾವು. ಬೇರೆ ಯಾವುದೋ ಹಾಳೆಯ ಬೆನ್ನಿಗೆ ಅಂಟಿಕೊಂಡಿದ್ದದ್ದು ಸೆಕೆಗೆ ಬಿಟ್ಟಿರಬೇಕು ಎಂದುಕೊಂಡೆ. ಕಪ್ಪು ಬಣ್ಣ ಇನ್ನೂ ಹಸಿಯಿದ್ದ ಹಾಗೆ ಕಂಡಿತು. ನೂರು ವರ್ಷದ ಬಣ್ಣ ಹಸಿ ಇರುವುದುಂಟೇ? ಬೆರಳು ತಾಗಿಸಿ ನೋಡಿದೆ. ಅಷ್ಟರಲ್ಲಿ ಕೆಳಗೆ ಪದ್ದು ಕಿರುಚಿದಳು.

ನಾನು ಓಡಿ ಬರುವಾಗ ಎಲ್ಲ ಮುಗಿದಿತ್ತು. ಚಾವಡಿಯ ಮೂಲೆಯಲ್ಲಿ ಸುತ್ತಿಟ್ಟ ಚಾಪೆಯನ್ನು ಪದ್ದು ಎಳೆದಿದ್ದಳು, ಒಳಗಿದ್ದ ಹಾವು ಬೆರಳಿಗೆ ಕಚ್ಚಿತ್ತು. ದೊಡ್ಡ ಮಾವ ಅದರ ಮೇಲೆ ಬುಟ್ಟಿ ಕವುಚಿಯೂ ಆಗಿತ್ತು. ನಮ್ಮ ಮನೆಯಲ್ಲಿ ಹಾವು ಕೊಲ್ಲುವ ಕ್ರಮವಿಲ್ಲ. ಬುಟ್ಟಿ ಕವುಚಿ, ಅದರ ಕೆಳಗೆ ಒಂದು ಹಲಗೆ ತೂರಿಸಿ, ಗುಡ್ಡಕ್ಕೆ ಒಯ್ದು ಬಿಡುವುದು. ಮಾವ ಜೀವನವಿಡೀ ಹೀಗೆ ಹಾವು ಬಿಟ್ಟವರು.

"ಹಲ್ಲಿ ಹಿಡಿಯುವ ಹಾವು, ಪಾಪದ್ದು," ಎಂದರು. "ವಿಷ ಇಲ್ಲ. ಮಗುವಿಗೆ ಒಂದು ತುಂಡು ಬೆಲ್ಲ ಕೊಡಿ, ಸಾಕು."

ಅವರು ಹೇಳಿದ್ದು ಸುಮ್ಮನೆ ಅಲ್ಲ. ಮಾಡಿನ ಸಂದಿಯಲ್ಲಿ ಹಲ್ಲಿ ಹುಡುಕುವ ಒಂದು ಹಾವು ನಮ್ಮಲ್ಲಿ ಉಂಟು. ಅದರದ್ದೂ ಕಡುಬಣ್ಣದ ಮೈ, ಬಿಳಿ ಪಟ್ಟಿ. ಕಚ್ಚಿದರೆ ಏನೂ ಆಗುವುದಿಲ್ಲ. ಪದ್ದುವಿನ ಬೆರಳಿನಲ್ಲೂ ಊತವಿರಲಿಲ್ಲ, ಮುಳ್ಳು ಚುಚ್ಚಿದಷ್ಟೇ ಗುರುತು. ಅವಳು ಆಗಲೇ ಬೆಲ್ಲಕ್ಕೆ ಕೈ ಚಾಚಿದ್ದಳು. ಕೊಲ್ಲುವ ಮನೆಯಾಗಿದ್ದರೆ ಸತ್ತ ಹಾವನ್ನು ತಿರುಗಿಸಿ ಮುರುಗಿಸಿ ಯಾರಾದರೂ ನೋಡುತ್ತಿದ್ದರೋ ಏನೋ. ದಯೆಯಿಂದ ಬುಟ್ಟಿ ಕವುಚುವವರಿಗೆ ಅದರ ಬೆನ್ನು ಕಾಣುವುದು ಯಾವಾಗ?

"ಮಾವ, ಬುಟ್ಟಿ ಒಂಚೂರು ಎತ್ತಿ. ನನಗೆ ನೋಡಬೇಕು."

"ನಿನಗೆ ಎಂತಕ್ಕೆ? ಇದನ್ನೂ ಬರೀಲಿಕ್ಕುಂಟಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇವರ ಕೈಯಿಂದ ಟಾರ್ಚ್ ಕಸಿದುಕೊಂಡೆ. ಯಜಮಾನರ ಎದುರು ನಿಂತು ಮಾತಾಡಿ ಅಭ್ಯಾಸವಿಲ್ಲದ ಸೊಸೆ ನಾನು. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಮಾವ ಗೊಣಗುತ್ತ ಬುಟ್ಟಿಯ ಅಂಚನ್ನು ಕೋಲಿನಿಂದ ಎತ್ತಿದರು. ನೀಲಿ ಹೊಳಪಿನ ಕಪ್ಪು ಮೈ. ಬೆನ್ನ ಮೇಲೆ ಆರು ಮೂಲೆಯ ಸಾಲು, ಈಗ ತಾನೇ ಮೇಲೆ ನೋಡಿದ್ದರ ಪಡಿಯಚ್ಚು.

"ಇದು ಕಟ್ಟುಹಾವು ಮಾವ. ಆಸ್ಪತ್ರೆಗೆ ಹೋಗುವ, ಈಗಲೇ."

"ಯಾರು ಹೇಳಿದ್ದು ನಿನಗೆ?"

"ಮೇಲೆ ಚಿತ್ರ ಉಂಟು."

"ಚಿತ್ರ ನೋಡಿ ಮಗುವನ್ನು ಮಂಗಳೂರಿಗೆ ಹೊತ್ತುಕೊಂಡು ಹೋಗುವುದಾ! ಕೇಳಿದವರು ನಗ್ತಾರೆ ಮಾರಾಯ್ತಿ."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಪದ್ದುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದರು. "ಸುಳ್ಳಾದ್ರೆ ಒಂದು ದಿನ ನಗ್ತಾರೆ ಅಣ್ಣ, ನಗಲಿ. ಕಾರು ತರಿಸು."

ಸಿದ್ಧಕಟ್ಟೆಯ ಅಕ್ಕಿ ಗಿರಣಿಯವರ ಕಾರು ಸಿಕ್ಕಿತು. ಬಂಟ್ವಾಳ ಪೇಟೆ ದಾಟುವವರೆಗೂ ಪದ್ದು ಕಿಟಕಿಯಿಂದ ಅಂಗಡಿಯ ದೀಪಗಳನ್ನು ತೋರಿಸುತ್ತಿದ್ದಳು. ದೊಡ್ಡ ಮಾವ ಮುಂದಿನ ಸೀಟಿನಲ್ಲಿ ಮುಖ ಬಿಗಿದು ಕೂತಿದ್ದರು. ಆಮೇಲೆ ಹೊಟ್ಟೆನೋವು ಎಂದಳು. ಫರಂಗಿಪೇಟೆ ಬರುವಾಗ ಅವಳ ರೆಪ್ಪೆಗಳು ತಾವಾಗಿ ಇಳಿಯತೊಡಗಿದವು. "ಅಜ್ಜೀ, ನೀನು ಎರಡೆರಡು ಕಾಣ್ತಿ" ಎಂದಳು, ನಾಲಿಗೆ ದಪ್ಪವಾದವರ ಹಾಗೆ. ಮಾವ ತಿರುಗಿ ನೋಡಿದರು. "ಬೇಗ ಬಿಡು ಮಾರಾಯ, ಬೇಗ ಬಿಡು" ಎಂದು ಡ್ರೈವರನಿಗೆ ಹೇಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವ ಹಾವು?" ನಾನು ಹೇಳಿದೆ. ಪಟ್ಟಿ, ಹೊಳಪು, ಬೆನ್ನಿನ ಸಾಲು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲ ಹೇಳಿದೆ. ಅವರು ಮತ್ತೆ ಕೇಳಲಿಲ್ಲ, ಇಂಜೆಕ್ಷನ್ ತರಿಸಿದರು. ರಾತ್ರಿಯಿಡೀ ಪದ್ದುವಿನ ಉಸಿರು ಹೋಗಿ ಹೋಗಿ ಬಂತು. ಬೆಳಿಗ್ಗೆ ಒಂದು ರೆಪ್ಪೆ ಎತ್ತಿ ಅಜ್ಜಿಯನ್ನು ನೋಡಿದಳು. "ಊತ ಬರಲಿ ಎಂದು ಕಾಯುತ್ತಿದ್ದರೆ ಮಗು ಇರುತ್ತಿರಲಿಲ್ಲ. ಈ ಹಾವಿಗೆ ಊತ ಬರುವುದೇ ಇಲ್ಲ" ಎಂದರು ಡಾಕ್ಟರ್. ನರ್ಸಮ್ಮ ನನ್ನ ಕೈ ನೋಡಿ, "ಇಂಕ್ ಚೆಲ್ಲಿಕೊಂಡಿದ್ದೀರಾ?" ಎಂದು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರು. ತೋರುಬೆರಳ ತುದಿಯಲ್ಲಿ ನೀಲಿಗಪ್ಪು ಬಣ್ಣವಿತ್ತು.

ಮನೆಗೆ ಮರಳಿದ ದಿನವೇ ನಾನು ಮೇಲೆ ಹೋದೆ. ಕಂತೆಯಲ್ಲಿ ಹಾವಿನ ಹಾಳೆ ಇರಲಿಲ್ಲ. ಪ್ರತಿಯೊಂದನ್ನೂ ತಿರುವಿದೆ, ಬೆನ್ನು ನೋಡಿದೆ, ಪೆಟ್ಟಿಗೆಯನ್ನು ಬೋರಲು ಹಾಕಿದೆ. ಅಳಿಲು, ಮಂಗಟ್ಟೆ, ಓತಿ, ಗೂಬೆಮರಿ, ಎಲ್ಲ ಇದ್ದವು. ಹಾವು ಎಂಬುದು ಒಂದೂ ಇಲ್ಲ. ಆ ಸಂಜೆ ಕಾರು ಬರುವಷ್ಟರಲ್ಲಿ ನಾನೇ ಕೋಣೆಯ ಬಾಗಿಲೆಳೆದು ಬೀಗ ಹಾಕಿದ್ದೆ, ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲೇ ಇತ್ತು.

"ಕಾನ್ವೆಂಟಿನ ಯಾವುದೋ ಪುಸ್ತಕದಲ್ಲಿ ನೋಡಿರ್ತಿ, ಸಮಯಕ್ಕೆ ನೆನಪಾಯ್ತು" ಎಂದರು ಇವರು. ಬಣ್ಣ? ದೀಪದ ಮಸಿ ಇರಬೇಕು. ಇರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಕೊಡಬಹುದು. ನಾನೇ ಎಷ್ಟೋ ಕೊಟ್ಟುಕೊಂಡಿದ್ದೇನೆ. ಆದರೆ ಉತ್ತರಗಳನ್ನೆಲ್ಲ ಕೂಡಿಸಿದರೆ ಆ ಸಂಜೆ ಆಗುವುದಿಲ್ಲ. ಅರವತ್ತರ ದಶಕದಲ್ಲಿ ಮದ್ರಾಸಿನಿಂದ ಬಂದ ಒಬ್ಬ ವಿದ್ವಾಂಸರು ಕಂತೆಯ ಫೋಟೋ ತೆಗೆದುಕೊಂಡು ಹೋದರು. "ಫಸ್ಟ್ ಕ್ಲಾಸ್ ಸ್ಟಡೀಸ್. ಬಟ್ ನೋ ಸ್ನೇಕ್ಸ್, ಹೌ ಆಡ್!" ಎಂದರು. ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ, ಅಷ್ಟೆ.

ಅತ್ತೆ ಮಾತ್ರ, ಪದ್ದು ಅಂಗಳದಲ್ಲಿ ಮತ್ತೆ ಓಡಾಡತೊಡಗಿದ ದಿನ, ಆ ಮೆಟ್ಟಿಲು ಹತ್ತಿ ಬಂದರು. ಒಂದೊಂದೇ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಅಳಿಲಿನ ಮೈ ಸವರಿದರು. "ಪಾಪ" ಎಂದರು. ಅಳಿಲಿಗೋ, ಬರೆದವನಿಗೋ, ನಾನು ಕೇಳಲಿಲ್ಲ.

ಪದ್ದುವಿಗೆ ಈಗ ಮೊಮ್ಮಗಳಿದ್ದಾಳೆ. ಮೂಡಬಿದ್ರೆಯಿಂದ ಫೋನ್ ಮಾಡಿದಾಗ ಆ ಮಗುವಿನ ಗಲಾಟೆಯಲ್ಲಿ ನಮ್ಮ ಮಾತೇ ಕೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದೆ. ಯಾರಿಗೆ? ಆ ಸರ್ಜನ್ನನ ಹೆಸರೂ ನಮಗೆ ತಿಳಿಯದು. ಆ ಹಾಳೆ ತೋರಿಸಿದ್ದು ಅವನೇ ಎಂದು ಹೇಳಲೂ ನನಗೆ ಧೈರ್ಯವಿಲ್ಲ. ಆದರೆ ನಾವು ಜೈನರು ಚಿಕ್ಕಂದಿನಿಂದ ದಿನಾ ಹೇಳುವ ಮಂತ್ರದಲ್ಲಿ ಯಾರ ಹೆಸರೂ ಬರುವುದಿಲ್ಲ. ಸಿದ್ಧರಿಗೆ, ಗುರುಗಳಿಗೆ, ಸಾಧುಗಳಿಗೆಲ್ಲ ಬರೀ ನಮಸ್ಕಾರ, ನಮಸ್ಕಾರ. ಹಾಗೆಯೇ ನಾನೂ, ಅಲ್ಲಿ ಯಾರಿದ್ದರೋ ತಿಳಿಯದೆ, ಸಂಜೆಯಾದರೆ ಕೈ ಮುಗಿಯುತ್ತೇನೆ.