ಸಾತನೂರಿನ ಸರಸಮ್ಮ ಮತ್ತು ಕಂದುರೋಗ

ಸಾತನೂರಿನ ಸುತ್ತಮುತ್ತ ಯಾರ ಮನೆಯ ಹಸು ಈಯಲು ಕಷ್ಟಪಟ್ಟರೂ ಸರಸಮ್ಮನಿಗೆ ಹೇಳಿಕಳಿಸುತ್ತಿದ್ದರು. ಕರು ಅಡ್ಡ ತಿರುಗಿದ್ದರೆ ಅವರು ಮೊಣಕೈವರೆಗೆ ಎಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ, ಒಳಗೆ ಕೈಯಾಡಿಸಿ ಕಾಲು ಹುಡುಕಿ ನೇರ ಮಾಡುತ್ತಿದ್ದರು. ಅತ್ತೆಯಿಂದ ಕಲಿತ ಕೆಲಸ, ಮೂವತ್ತು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಅವರ ಮನೆಯ ಹಸುವೇ ಏಳನೇ ತಿಂಗಳಲ್ಲಿ ಕಂದು ಹಾಕಿತು. ದಿನ ತುಂಬದ ಕರು ಸತ್ತೇ ಬಿತ್ತು, ಅದರ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ. ಸರಸಮ್ಮ ಅದನ್ನು ಬರಿಗೈಯಲ್ಲೇ ಬಿಡಿಸಿ ತೆಗೆದರು. ನಾಲ್ಕು ತಿಂಗಳ ಬಸುರಿಯಾಗಿದ್ದ ಸೊಸೆ ಸೌಮ್ಯ ಕೊಟ್ಟಿಗೆ ತೊಳೆದಳು. ಬೇಡ ಎನ್ನಬೇಕೆಂದು ಯಾರಿಗೂ ಹೊಳೆಯಲಿಲ್ಲ.

ತಿಂಗಳೊಳಗೆ ಸರಸಮ್ಮನಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆಗೆ ಏರುತ್ತಿತ್ತು, ಬೆವರಿಗೆ ಸೀರೆ ನೆನೆಯುತ್ತಿತ್ತು. ವಾರ ಬಿಟ್ಟಂತಾಗಿ ಮತ್ತೆ ಬರುತ್ತಿತ್ತು. ಸೊಂಟ, ಮಂಡಿ ಹಿಡಿದುಕೊಂಡವು. ಒಬ್ಬ ಡಾಕ್ಟರು ಟೈಫಾಯ್ಡ್ ಎಂದರು, ಇನ್ನೊಬ್ಬರು ವಾತ ಎಂದರು. ಈ ನಡುವೆ ಸೌಮ್ಯಳ ಗರ್ಭ ಹೋಯಿತು. ಸರಸಮ್ಮ ಜ್ವರದಲ್ಲೇ ಎದ್ದು ಅವಳ ಆರೈಕೆ ಮಾಡಿದರು.

ಜ್ವರ ಶುರುವಾದ ನಾಲ್ಕನೇ ತಿಂಗಳಿಗೆ ಮಗ ಲೋಕೇಶ್ ತಾಯಿಯನ್ನು ರಾಮನಗರದ ಒಂದು ಆಸ್ಪತ್ರೆಗೆ ಕರೆದೊಯ್ದ. ರಕ್ತ ತೆಗೆಯಲು ಬಂದ ಲ್ಯಾಬಿನ ಸುಮನಾ ಸಾತನೂರಿಗೆ ಹತ್ತಿರದ ಉಯ್ಯಂಬಳ್ಳಿ ಕಡೆಯವಳು.

“ಏನ್ ಕೆಲ್ಸ ಮಾಡ್ತೀರಮ್ಮ?” ಎಂದು ಕೇಳಿದಳು.

“ಹಸ ಕರ ನೋಡ್ಕೋತೀನಿ. ಈಯಕ್ಕಾಗ್ದೆ ಒದ್ದಾಡ್ತಿದ್ರೆ ಕರ ಎಳ್ದು ಕೊಡ್ತೀನಿ.”

“ಈಚೆಗೆ ಯಾವ್ದಾರ ಕಂದಾಕಿತ್ತಾ?”

“ನಮ್ ಮನೇದೇ ಹಾಕ್ತು ಕಣವ್ವ.”

ಸುಮನಾ ಸೂಜಿ ಕೆಳಗಿಟ್ಟು, ಹೋಗಿ ಡಾಕ್ಟರಿಗೆ ಹಸುವಿನ ವಿಷಯ ಹೇಳಿಬಂದಳು. ಸರಸಮ್ಮನ ರಕ್ತವನ್ನು ಬ್ಯಾಕ್ಟೀರಿಯಾ ಬೆಳೆಸುವ ಬಾಟಲಿಗೂ ಹಾಕಿದರು. ಆರನೇ ದಿನ ಬಾಟಲಿಯಲ್ಲಿ ಬೆಳವಣಿಗೆ ಕಂಡಿತು. ಉಸಿರಿನ ಮೂಲಕವೂ ಒಳಸೇರಬಲ್ಲ ರೋಗವಿರಬಹುದೆಂದು ಸುಮನಾ ಗಾಜಿನ ಮರೆಯೊಳಗೆ ಕೈಯಿಟ್ಟು ಸ್ಲೈಡ್ ಮಾಡಿದಳು. ಹಸು ಕಂದು ಹಾಕುವಂತೆ ಮಾಡುವ ಕಂದುರೋಗ, ಅಂದರೆ ಬ್ರೂಸೆಲ್ಲೋಸಿಸ್, ಎಂದು ಖಚಿತವಾದ ಮೇಲೆ ಸರಸಮ್ಮನಿಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಕೆಂಪು ಮರಳಿನ ಪುಡಿ ಚೆಲ್ಲಿದಂತಿತ್ತು.

“ಇವುಕ್ಕೆ ಮೈ ಸುತ್ತ ಗೋಡೆ ಇರ್ತದೆ ಕಣಮ್ಮ. ಗೋಡೆ ದಪ್ಪ ಇರೋ ಬ್ಯಾಕ್ಟೀರಿಯಾ ನಾವು ಹಾಕಿದ ನೇರಳೆ ಬಣ್ಣ ಬುಡಲ್ಲ. ಇವುಗಳ್ದು ತೆಳು ಗೋಡೆ, ಮೇಲೊಂದು ಪೊರೆ. ನೇರಳೆ ತೊಳ್ದೋಯ್ತದೆ, ಆಮೇಲೆ ಹಾಕಿದ ಕೆಂಪು ನಿಲ್ತದೆ. ಯಾವ ಗುಂಪಿಂದು ಅಂತ ಮೊದ್ಲು ನೋಡೋದು ಹಿಂಗೇ.”

“ನನ್ ಮೈಯೊಳಕ್ಕೆ ಹೆಂಗೋಯ್ತವ್ವ?”

“ಕೈಯಲ್ಲಿ ಸಣ್ಣ ಗಾಯ ಇದ್ರೂ ಸಾಕು. ಹಸಿ ಹಾಲಿಂದ್ಲೂ ಬತ್ತದೆ. ರೋಗಾಣು ತಿನ್ನಕ್ಕೆ ಅಂತ್ಲೇ ಇರೋ ಬಿಳಿ ರಕ್ತಕಣದೊಳ್ಗೇ ಸೇರ್ಕೊಂಡು ಬೆಳೀತವೆ. ಅದ್ಕೇ ಜ್ವರ ಹೋದಂಗಾಗಿ ಮತ್ತೆ ಬರೋದು.”

ಸರಸಮ್ಮ ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದರು. “ನಮ್ ಸೊಸೆ ಕೊಟ್ಗೆ ತೊಳುದ್ಲು. ಆಮೇಲೆ ಅವ್ಳ ಬಸುರು ಹೋಯ್ತು. ಇದ್ರಿಂದ್ಲಾ?”

“ಆಗಿರಬೋದು. ಇದ್ರಿಂದ್ಲೇ ಅಂತ ಯಾರೂ ಹೇಳಕ್ಕಾಗಲ್ಲ. ಅವ್ರನ್ನೂ ಕರ್ಕೊಂಬನ್ನಿ, ರಕ್ತ ನೋಡಣ.”

ಬಸ್ಸಿನಲ್ಲಿ ಲೋಕೇಶ್, “ಸೌಮ್ಯಂಗೆ ಈಗ್ಲೇ ಹೇಳ್ಬೇಡವ್ವ,” ಎಂದ. ಮನೆ ಸೇರಿದ ಕೂಡಲೇ ಸರಸಮ್ಮ ಸೊಸೆಯನ್ನು ಪಕ್ಕ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. “ನಾನು ಬ್ಯಾಡ ಅನ್ಬೇಕಿತ್ತು,” ಎಂದರು.

ಸೌಮ್ಯ ಸೆರಗಿನ ಅಂಚನ್ನೇ ನೋಡುತ್ತಿದ್ದಳು. “ನಿಮ್ಗೂ ಗೊತ್ತಿರ್ಲಿಲ್ವಲ್ಲತ್ತೆ,” ಎಂದು ಎದ್ದುಹೋದಳು. ಒಂದು ವಾರ ಅತ್ತೆಯೊಂದಿಗೆ ಮಾತು ಕಡಿಮೆಯಿತ್ತು. ಅವಳ ರಕ್ತದಲ್ಲೂ ಅದೇ ರೋಗ ಕಂಡಿತು. ಅತ್ತೆ ಸೊಸೆ ಇಬ್ಬರೂ ಆರು ವಾರ ಮಾತ್ರೆ ನುಂಗಿದರು. ಮರೆತವರಿಗೆ ನೆನಪಿದ್ದವರು ನೀರಿನ ಲೋಟ ತಂದುಕೊಡುತ್ತಿದ್ದರು.

ಅಷ್ಟರಲ್ಲಿ ದಲ್ಲಾಳಿಯೊಬ್ಬ ಕಂದು ಹಾಕಿದ್ದ ಆ ಹಸುವನ್ನು ಕೇಳಿಕೊಂಡು ಬಂದ. ಹಸು ನೋಡಲು ಗಟ್ಟಿಯಾಗಿತ್ತು, ರೋಗದ ವಿಷಯ ಅವನಿಗೆ ತಿಳಿದಿರಲಿಲ್ಲ. ಲೋಕೇಶ್ ತಾಯಿಯ ಮುಖ ನೋಡಿದ.

“ಕೊಡಲ್ಲ ಕಣಪ್ಪ. ಅದುಕ್ಕೆ ಕಾಯ್ಲೆ ಐತೆ,” ಎಂದರು ಸರಸಮ್ಮ. ಹಸುವನ್ನು ಹೊಲದ ಬದಿಯ ಬೇರೆ ಚಪ್ಪರದಲ್ಲಿ ಕಟ್ಟಿದರು. ಪಶುವೈದ್ಯರು ಬಂದಾಗ ಊರಿನ ಹೆಣ್ಣುಕರುಗಳಿಗೆಲ್ಲ ಲಸಿಕೆ ಹಾಕಿಸಲು ಸರಸಮ್ಮ ತಾವೇ ಮನೆಮನೆಗೆ ಹೋದರು.

ಜ್ವರ ಮತ್ತೆ ಬಂದಿಲ್ಲ. ಬಲಮಂಡಿಯ ನೋವು ಪೂರ್ತಿ ಹೋಗಿಲ್ಲ. ಸೌಮ್ಯ ಮತ್ತೆ ಬಸುರಿಯಾಗಿಲ್ಲ. ಮನೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಸರಸಮ್ಮ ಈಗಲೂ ಕರೆದಲ್ಲಿಗೆ ಹೋಗುತ್ತಾರೆ. ಭುಜದವರೆಗೆ ಬರುವ ಕೈಗವಸು ತೊಡುತ್ತಾರೆ, ಸತ್ತ ಕರು ಬಿದ್ದರೆ ಆಳವಾಗಿ ಗುಂಡಿ ತೋಡಿಸಿ ಸುಣ್ಣ ಸುರಿಸುತ್ತಾರೆ. ಮೊನ್ನೆ ತಮ್ಮ ಹಸು ಈಯಲಾಗದೆ ಒದ್ದಾಡುವಾಗ ನೆರೆಮನೆಯ ಕೆಂಪಯ್ಯ, “ಅದ ಹಾಕ್ಕೊಂಡ್ರೆ ಕರ ಕೈಗೆ ಸಿಕ್ತದಾ ಸರಸಮ್ಮ?” ಎಂದು ಕೇಳಿದರು.

“ಒಸಿ ತಡ ಆಯ್ತದೆ,” ಎಂದು ಸರಸಮ್ಮ ಹಸುವಿನ ಪಕ್ಕ ಮಂಡಿಯೂರಿದರು.