ಶ್ಯಾಮಲಮ್ಮನ ಫೋನಿನಲ್ಲಿರುವ ದೇವರುಗಳು

ನಮ್ಮತ್ತೆ ಶ್ಯಾಮಲಮ್ಮ ಕೆಂಚಾರ್ಲಹಳ್ಳಿಯಲ್ಲಿ ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿದ್ದಾರೆ. ಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುವ ಹೆಂಗಸು. ಆದರೆ ಅವರ ಫೋನಿನ ಸಹವಾಸ ಯಾರಿಗೂ ಬೇಡ.

ಮೊನ್ನೆ ನಾನು ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದಾಗ ಒಂದು ತಟ್ಟೆ ಹುಳಕ್ಕೆ ರೋಗ ಬಂತು. ರೇಷ್ಮೆ ಇಲಾಖೆಯವರಿಗೆ ತೋರಿಸೋಣವೆಂದು ಅತ್ತೆ ಫೋಟೋ ತೆಗೆಯಲು ಹೋದರೆ ಫೋನಿನಲ್ಲಿ ಜಾಗವೇ ಇಲ್ಲ. ಸಂಜೆ ಮನೆಗೆ ಬಂದವಳೇ ನನ್ನ ಫೋನಿನಿಂದ ಹುಳದ ಫೋಟೋ ಇಲಾಖೆಗೆ ಕಳಿಸಿ, ಅತ್ತೆಯ ಫೋನು ನೋಡಿದೆ. ಭಜನೆ ಗ್ರೂಪಿನಿಂದ ದಿನಾ ಬೆಳಿಗ್ಗೆ ಬಂದು ಬಿದ್ದ ದೇವರ ಫೋಟೋಗಳೇ ಎರಡು ಸಾವಿರ! ಅಳಿಸಲು ಕೂತೆ. ಪರದೆಯ ಮೇಲೆ ಕಸದ ಬುಟ್ಟಿಯ ಚಿತ್ರ ಕಂಡದ್ದೇ ತಡ, ಅತ್ತೆ ಕೈ ಹಿಡಿದುಕೊಂಡರು.

"ಸ್ವಾಮೀನ ಕಸದ ಬುಟ್ಟಿಗೆ ಹಾಕ್ತೀಯೇನೇ ಶಿರೀಷಾ?"

"ಅತ್ತೆ, ಹುಳ ಸಾಯ್ತಾ ಇದೆ. ಇದು ಬರೀ ಫೋಟೋ!"

"ಗಾಜು ಒಡೆದ ಪಟಾನೇ ನಾವು ಬಿಸಾಕಲ್ಲ, ಅರಳಿಕಟ್ಟೆ ಮೇಲೆ ಇಟ್ಟು ಬರ್ತೀವಿ. ಇವನ್ನೂ ಎಲ್ಲಾದ್ರೂ ಇಟ್ಟು ಆಮೇಲೆ ತೆಗಿಯಮ್ಮ."

ಎಲ್ಲಿಡಲಿ? ಹಲ್ಲು ಕಚ್ಚಿಕೊಂಡು ಅಷ್ಟನ್ನೂ ನನ್ನ ಫೋನಿಗೆ ಕಳಿಸಿಕೊಂಡೆ. ಬೆರಳು ನೋವು ಬಂತು. ಅಷ್ಟರಲ್ಲಿ ಆ ತಟ್ಟೆಯ ಹುಳವೆಲ್ಲ ಸತ್ತಿತ್ತು. ಮಾರನೇ ದಿನ ಅವರ ಫೋನಿಗೆ ಮತ್ತೆ ಎಂಟು ದೇವರು ಬಂದರು.

ನಿನ್ನೆ ನನ್ನ ಫೋನೂ ಜಾಗವಿಲ್ಲ ಅಂತು. ಸಿಟ್ಟು ನೆತ್ತಿಗೇರಿ, ಎಲ್ಲವನ್ನೂ ಒಟ್ಟಿಗೆ ಆರಿಸಿ, ಕಸದ ಬುಟ್ಟಿಯ ಮೇಲೆ ಬೆರಳು ತಂದೆ. ಒತ್ತಲಾಗಲಿಲ್ಲ.

ಪಾಪ, ನಾದಿನಿ ಪವಿತ್ರ ಹೋದ ವಾರವಷ್ಟೇ ಹೊಸ ಫೋನು ತಗೊಂಡಿದ್ದಾಳೆ.